ಪೂಲ್ ಆಡಿದರೆ ವ್ಯಾಯಾಮದ ಲೆಕ್ಕಕ್ಕೆ ಬರುತ್ತಾ? ಮನೆಯಲ್ಲಿ ಪಂಚಾಯ್ತಿ ನಡೆದಿದೆ

ಗೊಬ್ಬರದಂಗಡಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಒಂದೇ ಸಾಲಿನದು: ಕೋಲಿನಿಂದ ಗುಂಡು ಹೊಡೆದು ಟೇಬಲ್ಲಿನ ಪಾಕೆಟ್‌ಗೆ ಬೀಳಿಸುವ ಪೂಲ್ ಆಟ ವ್ಯಾಯಾಮವೇ? ಆದರೆ ಹಿಂದಿನ ಕಥೆ ಹೇಳದಿದ್ದರೆ ನೀವೂ ನನ್ನ ಹೆಂಡತಿ ಪಕ್ಷಕ್ಕೇ ಸೇರುತ್ತೀರಿ. ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ನನಗೆ 46 ವರ್ಷ. ಗೊಬ್ಬರ, ಬೀಜ, ಔಷಧದ ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಗಲ್ಲಾ ಮುಂದೆ ಕೂತರೆ ರಾತ್ರಿ ಎಂಟಕ್ಕೇ ಏಳುವುದು. ಮೊದಲೆಲ್ಲಾ ರೈತರ ಜೊತೆ ಗೋಡೌನಿಗಾದರೂ ಹೋಗಿ ಬರುತ್ತಿದ್ದೆ. ಈಗ ಒಂದು ಚೀಲ ಯೂರಿಯಾ ಕೊಡಬೇಕೆಂದರೂ ಆಧಾರ್ ನಂಬರ್ ಒತ್ತಿ ಮಷೀನಿನ ಮೇಲೆ ಹೆಬ್ಬೆಟ್ಟು ಇಡಿಸಬೇಕು. ದುಡಿದ ಕೈಗಳು, ಬೆರಳಿನ ಗೆರೆ ಸವೆದಿರುತ್ತವೆ. ಮಷೀನು ಒಂದೇ ಸಲಕ್ಕೆ ಹಿಡಿಯುವುದಿಲ್ಲ. "ಇನ್ನೊಮ್ಮೆ ಒತ್ರಿ ಕಾಕಾ, ಒರೆಸಿ ಒತ್ರಿ" ಅನ್ನುವುದರಲ್ಲೇ ದಿನ ಮುಗಿಯುತ್ತದೆ. ಚೀಲ ಎತ್ತಲು ಹಮಾಲರಿದ್ದಾರೆ. ನಾನು ಎತ್ತುವುದು ಎರಡೇ, ಪೆನ್ನು ಮತ್ತು ಚಹಾ ಕಪ್ಪು.

ಕಳೆದ ದೀಪಾವಳಿ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂತು. ಡಾಕ್ಟರು ರಿಪೋರ್ಟ್ ತಿರುಗಿಸಿ ನೋಡಿ, "ಇನ್ನೂ ಶುಗರ್ ಅಲ್ಲ, ಆದರೆ ಹೊಸ್ತಿಲ ಮೇಲೆ ನಿಂತಿದ್ದೀರಿ" ಅಂದರು. ತೂಕ 78 ಕಿಲೋ, ಎತ್ತರ ಐದಡಿ ಆರು ಇಂಚು. ದಿನಾ ಅರ್ಧ ತಾಸು ನಡೆಯಿರಿ ಅಂತ ಹೇಳಿ ಕಳಿಸಿದರು.

ನಡೆದೆ. ಸುಳ್ಳು ಹೇಳುವುದಿಲ್ಲ, ನಾಲ್ಕು ದಿನ ನಡೆದೆ. ಅಂಬೇಡ್ಕರ್ ಕ್ರೀಡಾಂಗಣಕ್ಕೆ ಬೆಳಿಗ್ಗೆ ಆರಕ್ಕೆ ಹೋಗುತ್ತಿದ್ದೆ. ತೊಂದರೆ ಏನೆಂದರೆ ಅಲ್ಲಿ ಅರ್ಧ ಜನಕ್ಕೆ ಹೊಲ ಇದೆ, ಎಲ್ಲರಿಗೂ ನನ್ನ ಪರಿಚಯ ಇದೆ. ಒಂದು ಸುತ್ತಿಗೆ ಮೂರು ಜನ ನಿಲ್ಲಿಸಿ "ಡಿಎಪಿ ಗೊಬ್ಬರ ಬಂತೇನ್ರಿ?" ಅಂತ ಕೇಳುತ್ತಿದ್ದರು. ಐದನೇ ದಿನ ಹಾಸಿಗೆಯಲ್ಲೇ ಉಳಿದೆ.

ಡಿಸೆಂಬರ್‌ನಲ್ಲಿ ಒಂದು ರಾತ್ರಿ, ಅಡತಿ ಅಂಗಡಿ ಇಟ್ಟಿರುವ ಗೆಳೆಯ ಪೂಲ್ ಪಾರ್ಲರ್‌ಗೆ ಎಳೆದುಕೊಂಡು ಹೋದ. ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಎರಡು ಪೂಲ್ ಟೇಬಲ್, ಒಂದು ದೊಡ್ಡ ಸ್ನೂಕರ್ ಟೇಬಲ್. ಒಳಗೆಲ್ಲಾ ಕಾಲೇಜು ಹುಡುಗರು. ನಾನು ಕಾಲಿಟ್ಟ ಕೂಡಲೇ ಇಬ್ಬರು ಸಿಗರೇಟು ಬೆನ್ನ ಹಿಂದೆ ಮುಚ್ಚಿಕೊಂಡರು, ಯಾರದೋ ಅಪ್ಪ ಹುಡುಕಿಕೊಂಡು ಬಂದಿದ್ದಾನೆ ಅಂದುಕೊಂಡು.

ನನ್ನ ಮೊದಲ ಹೊಡೆತಕ್ಕೆ ಕೋಲು ಜಾರಿ, ಬಿಳಿ ಗುಂಡು ಟೇಬಲ್ ಬಿಟ್ಟು ಹಾರಿ, ನೆಲದ ಮೇಲೆ ಉರುಳಿ ನೀರಿನ ಕೂಲರ್ ಕೆಳಗೆ ಸೇರಿತು. ಮಂಡಿಯೂರಿ ತೆಗೆದೆ. ಹತ್ತನೆಯದೋ ಹನ್ನೊಂದನೆಯದೋ ಹೊಡೆತಕ್ಕೆ ಹಳದಿ ಗುಂಡೊಂದು ಸಾವಕಾಶವಾಗಿ ಹೋಗಿ ಮೂಲೆಯ ಪಾಕೆಟ್‌ನಲ್ಲಿ ಟೊಕ್ ಅಂತ ಬಿತ್ತು ನೋಡಿ. ಆ ಸದ್ದಿಗೆ ಮರುಳಾದವನು ಇನ್ನೂ ಹಾಗೇ ಇದ್ದೇನೆ. ಈಗ ವಾರಕ್ಕೆ ನಾಲ್ಕು ದಿನ, ಎಂಟೂಕಾಲಿಂದ ಒಂಬತ್ತೂವರೆ ತನಕ. ತಾಸಿಗೆ 120 ರೂಪಾಯಿ, ಇಬ್ಬರು ಹಂಚಿಕೊಳ್ಳುತ್ತೇವೆ.

ನನ್ನ ವಾದ ಏನೆಂದರೆ, ಒಂದು ತಾಸು ನಾನು ಕೂರುವುದಿಲ್ಲ. ನಿಲ್ಲುತ್ತೇನೆ, ಬಾಗುತ್ತೇನೆ, ಟೇಬಲ್ ಸುತ್ತುತ್ತೇನೆ. ಫೋನ್ ಜೇಬಿನಲ್ಲಿಟ್ಟು ಎಣಿಸಿದೆ. ಇಬ್ಬರೇ ಆಡಿದ ದಿನ 1,600 ಹೆಜ್ಜೆ. ನಾಲ್ಕು ಜನ ಜೋಡಿ ಕಟ್ಟಿ ಆಡಿದ ದಿನ ಮಾತ್ರ 700. ಇದು ವ್ಯಾಯಾಮ ಅಲ್ವಾ?

ಮನೆಯವಳ ವಾದ: "ಕೋಲು ಹಿಡ್ಕೊಂಡು ನಿಂತ್ರ ಸಕ್ಕರಿ ಇಳಿತದೇನ್ರಿ? ಹಂಗಾದ್ರ ದನಾ ಕಾಯೋರಿಗೆ ಒಬ್ಬರಿಗೂ ಶುಗರ್ ಬರಬಾರದು."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು, ಹದಿನೈದು ದಿನದಿಂದ ಆಡಿ ಬಂದ ಮೇಲೆ ನಡು ಹಿಡಿದುಕೊಳ್ಳುತ್ತಿದೆ. ಅದನ್ನು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಕೇಸು ಅಲ್ಲೇ ಮುಗಿಯುತ್ತದೆ. ತಿಳಿದವರು ಹೇಳಿ.

ಕೆಂಪುಮಣ್ಣು, ಜಮಖಂಡಿ

ಅಣ್ಣಾರೇ, ವೈನಿ ಹೇಳಿದ್ದರಲ್ಲಿ ಒಂದೇ ತಪ್ಪು. ದನ ಕಾಯೋರು ಕೋಲು ಹಿಡಿದು ನಿಲ್ಲುವುದಿಲ್ಲ, ದನದ ಹಿಂದೆ ಮೈಲಿಗಟ್ಟಲೆ ನಡೆಯುತ್ತಾರೆ. ಮಿಕ್ಕಿದ್ದೆಲ್ಲಾ ಸರಿ ಇದೆ.

ನಾನು ಚಿಕ್ಕಂದಿನಿಂದ ಗರಡಿಯಲ್ಲಿ ಬೆಳೆದವನು. ದಂಡ, ಬೈಠಕ್, ಮೈಗೆ ಮಣ್ಣು. ನಮ್ಮ ಉಸ್ತಾದರು "ಬೆವರು ನೆಲಕ್ಕೆ ಬೀಳದಿದ್ದರೆ ಅದು ಸಾಮು ಅಲ್ಲ, ಸೋಗು" ಅನ್ನುತ್ತಿದ್ದರು. ಎಸಿ ಕೆಳಗೆ ಕೋಲಿನ ತುದಿಗೆ ಸೀಮೆಸುಣ್ಣ ಉಜ್ಜುವ ಆಟಕ್ಕೆ ಬೆವರು ಎಲ್ಲಿಂದ ಬರಬೇಕು?

ನಿಮ್ಮ ಊರಲ್ಲೇ ಪರೀಕ್ಷೆ ಇದೆ. ಗೋಳಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಏಳೂ ಅಂತಸ್ತು ನಿಲ್ಲದೆ ಹತ್ತಿ. ಮೇಲೆ ಹೋಗಿ ನಿಂತರೆ ನಿಮ್ಮ ಏದುಸಿರೇ ಏಳು ಸಲ ತಿರುಗಿ ಕೇಳುತ್ತದೆ. ಆಮೇಲೆ ಪೂಲ್ ವ್ಯಾಯಾಮವೋ ಅಲ್ಲವೋ ನೀವೇ ಹೇಳಿ.

ಮತ್ತೆ ಅಂಗಡಿ ತುಂಬ 45 ಕಿಲೋ ಯೂರಿಯಾ ಚೀಲ ಇಟ್ಟುಕೊಂಡು ವ್ಯಾಯಾಮ ಎಲ್ಲಿ ಅಂತ ಕೇಳುತ್ತೀರಲ್ಲ! ಸಿದ್ಧೇಶ್ವರ ಜಾತ್ರೆಯಲ್ಲಿ ಕಲ್ಲು ಎತ್ತುವವರನ್ನು ನೋಡಿಲ್ವಾ? ದಿನಾ ಎರಡು ಚೀಲ ಎತ್ತಿ, ಹಮಾಲಿ ಕೂಲಿಯೂ ಉಳಿಯುತ್ತದೆ.

ಟಿಳಕವಾಡಿ ಮಾಸ್ತರ್, ಬೆಳಗಾವಿ

ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರನಾಗಿದ್ದವನು. ಈಗ ನಿವೃತ್ತ. ಜೊತೆಗೆ ನಲವತ್ತು ವರ್ಷದಿಂದ ಸ್ನೂಕರ್ ಆಡುತ್ತಿದ್ದೇನೆ. ಹಾಗಾಗಿ ಎರಡೂ ಕಡೆ ನನ್ನ ನೆಂಟರೇ.

ಮೊದಲು ಕೆಟ್ಟ ಸುದ್ದಿ. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು ಒಂದು ಅಂತ ಇಟ್ಟುಕೊಂಡು ಎಲ್ಲ ಕೆಲಸಗಳಿಗೂ ಅಂಕಿ ಹಾಕಿದ ಪಟ್ಟಿ ಇದೆ. ನಮ್ಮ ತರಬೇತಿಯಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ಬಿಲಿಯರ್ಡ್ಸ್‌ಗೆ ಎರಡೂವರೆ, ಪೂಲ್, ಸ್ನೂಕರ್ ಎಲ್ಲಾ ಅದೇ ಜಾತಿಯ ಆಟ. ಚುರುಕು ನಡಿಗೆಗೆ ನಾಲ್ಕರ ಮೇಲೆ. ಮಧ್ಯಮ ವ್ಯಾಯಾಮ ಅಂತ ಕರೆಸಿಕೊಳ್ಳಲು ಕನಿಷ್ಠ ಮೂರು ಬೇಕು. ಪೂಲ್ ಅಲ್ಲಿಗೆ ಮುಟ್ಟುವುದಿಲ್ಲ.

ನಿಮ್ಮ 78 ಕಿಲೋಗೆ ಆ ಅಂಕಿ ಗುಣಿಸಿ ಲೆಕ್ಕ ಹಾಕಿ. ಒಂದು ತಾಸು ಪೂಲ್‌ಗೆ ಸುಮಾರು 195 ಕ್ಯಾಲೊರಿ. ಖುಷಿ ಪಡಬೇಡಿ, ಅದೇ ತಾಸು ಮನೆಯಲ್ಲಿ ಸುಮ್ಮನೆ ಕೂತಿದ್ದರೂ 78 ಖರ್ಚಾಗುತ್ತಿತ್ತು. ಆಟದಿಂದ ಬಂದ ಲಾಭ 117. ಹೆಚ್ಚೆಂದರೆ ಒಂದು ಜೋಳದ ರೊಟ್ಟಿಯಷ್ಟು. ನಡುವೆ ಗೆಳೆಯ ಮಿರ್ಚಿ ಭಜಿ ತರಿಸಿದರೆ ಲೆಕ್ಕ ತಲೆಕೆಳಗು. ತರಿಸುತ್ತಾನೆ ಅಲ್ವಾ? ನನಗೆ ಗೊತ್ತು.

ದೊಡ್ಡ ಸ್ನೂಕರ್ ಟೇಬಲ್ ಆದರೂ ಅಷ್ಟೇ. 12 ಅಡಿ ಉದ್ದ, 6 ಅಡಿ ಅಗಲ. ಒಂದು ಪೂರ್ತಿ ಸುತ್ತು ಹಾಕಿದರೆ ಹನ್ನೆರಡೂವರೆ ಮೀಟರ್ ಅಂದುಕೊಳ್ಳಿ. ಒಂದು ಕಿಲೋಮೀಟರ್ ಆಗಲು 80 ಸುತ್ತು ಬೇಕು. ಎದುರಾಳಿ ಒಳ್ಳೆಯ ಆಟಗಾರನಾಗಿದ್ದರೆ ನೀವು ಸುತ್ತುವುದೇ ಇಲ್ಲ, ಕುರ್ಚಿಯಲ್ಲಿ ಕೂತು ಅವನು ಸುತ್ತುವುದನ್ನು ನೋಡುತ್ತೀರಿ. ಚೆನ್ನಾಗಿ ಆಡಿದಷ್ಟೂ ಎದುರಿನವನಿಗೆ ವ್ಯಾಯಾಮ ಕಮ್ಮಿ ಮಾಡಿಸುವ ಆಟ ಇದೊಂದೇ ಇರಬೇಕು.

ಆಟದ ಹುಟ್ಟು ನೋಡಿದರೂ ಗೊತ್ತಾಗುತ್ತದೆ. ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ, 1875ರ ಮಳೆಗಾಲದಲ್ಲಿ, ಜಬಲ್ಪುರದ ಸೇನೆಯ ಮೆಸ್‌ನಲ್ಲಿ. ನೆವಿಲ್ ಚೇಂಬರ್ಲೇನ್ ಅನ್ನುವ ಬ್ರಿಟಿಷ್ ಅಧಿಕಾರಿ ಶುರು ಮಾಡಿದ. ಪ್ರಧಾನಿಯಾದ ಚೇಂಬರ್ಲೇನ್ ಅಲ್ಲ, ಅವನು ಬೇರೆ. ಹೊರಗೆ ಮಳೆ, ಒಳಗೆ ಕೆಲಸವಿಲ್ಲದ ಅಧಿಕಾರಿಗಳು. ನಮ್ಮ ಬೆಳಗಾವಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಜುಲೈ ಬಂತೆಂದರೆ ವ್ಯಾಕ್ಸಿನ್ ಡಿಪೋದಲ್ಲಿ ವಾಕಿಂಗ್ ಮಾಡುವವರೆಲ್ಲಾ ಮಾಯ. ನಾನು ಈ ಆಟ ಹಿಡಿದದ್ದೂ ಅಂಥ ಒಂದು ಮಳೆಗಾಲದಲ್ಲೇ.

ಇನ್ನೊಂದು ಮಾತು. ರಾನಿ ಓ'ಸಲಿವನ್ ಏಳು ಸಲ ಸ್ನೂಕರ್ ವಿಶ್ವ ಚಾಂಪಿಯನ್. ಆತನಿಗೆ ಓಟದ ಹುಚ್ಚು. ದಿನಗಟ್ಟಲೆ ಟೇಬಲ್ ಸುತ್ತ ಓಡಾಡುವ ಮನುಷ್ಯ ದೇಹಕ್ಕೆಂದು ಬೂಟು ಕಟ್ಟಿಕೊಂಡು ಹೊರಗೆ ಹೋಗಿ ಓಡುತ್ತಾನೆ. ಟೇಬಲ್ ಸಾಕಾಗಿದ್ದರೆ ಅವನಿಗೇ ಮೊದಲು ಸಾಕಾಗಬೇಕಿತ್ತು.

ಈಗ ನಡುನೋವು. ನೀವು ಮಾಡುತ್ತಿರುವ ತಪ್ಪು ನನಗೆ ಇಲ್ಲಿಂದಲೇ ಕಾಣುತ್ತಿದೆ. ಟೇಬಲ್ ಮೇಲೆ ಬಾಗಿ, ಬಾಗಿದ ಮೇಲೆ ಯಾವ ಗುಂಡು, ಯಾವ ಪಾಕೆಟ್ ಅಂತ ಯೋಚಿಸುತ್ತೀರಿ. ಹೊಸಬರೆಲ್ಲಾ ಹೀಗೇ. ಬೆನ್ನು ಕಮಾನಿನಂತೆ ಬಗ್ಗಿ, ತಲೆ ಮುಂದೆ ಚಾಚಿ, ಒಂದು ನಿಮಿಷ ಹಾಗೇ.

ನನಗೆ ಕಲಿಸಿದವರು ಕ್ಲಬ್ಬಿನ ಮಾರ್ಕರ್. ಸ್ಕೋರ್ ಬರೆಯುವ, ಗುಂಡು ಜೋಡಿಸುವ, ಬಟ್ಟೆಗೆ ಬ್ರಷ್ ಹಾಕುವ ಹಿರಿಯರು. ನಾನು ಬಾಗಿ ಯೋಚಿಸುತ್ತಿದ್ದರೆ ಕೋಲಿನ ತುದಿಯಿಂದ ಮೆಲ್ಲಗೆ ಹೆಗಲು ತಟ್ಟಿ ಎಬ್ಬಿಸುತ್ತಿದ್ದರು. "ಮಾಸ್ತರ್, ಲೆಕ್ಕ ನಿಂತು ಮಾಡ್ರಿ. ಬಾಗಿದ ಮ್ಯಾಲೆ ಹೊಡೆಯೋದು ಅಷ್ಟ." ಪೂರ್ತಿ ಟೇಬಲ್ ನಿಂತು ನೋಡಿ. ನಿರ್ಧಾರ ಆದ ಮೇಲೆ ಹೊಡೆತದ ಗೆರೆಯ ಮೇಲೆ ಬಲಗಾಲು ಇಡಿ, ಅದನ್ನು ನೆಟ್ಟಗೆ ಇಟ್ಟುಕೊಳ್ಳಿ. ಎಡಗಾಲು ಅರ್ಧ ಹೆಜ್ಜೆ ಮುಂದೆ, ಮಂಡಿ ಸ್ವಲ್ಪ ಸಡಿಲ. ಬಾಗುವುದು ಸೊಂಟದ ಕೀಲಿನಿಂದ, ಬೆನ್ನಿನಿಂದ ಅಲ್ಲ. ಗದ್ದ ಕೋಲಿನ ಹತ್ತಿರ ಬರಬೇಕು. ಎರಡು ಮೂರು ಸಲ ಕೋಲು ಆಡಿಸಿ, ಹೊಡೆದು, ಗುಂಡು ಹೋಗುವ ತನಕ ಅಲುಗಾಡದೆ ಇದ್ದು, ಎದ್ದು ನಿಲ್ಲಿ. ಅಷ್ಟಕ್ಕೆ ಹತ್ತು ಸೆಕೆಂಡ್ ಸಾಕು. ನೀವು ಎಡಚರಾದರೆ ಕಾಲು ಅದಲುಬದಲು.

ಹಾಗಂತ ಆಟ ಬಿಡಿ ಅನ್ನುವುದಿಲ್ಲ. 46ಕ್ಕೆ ಶುರು ಮಾಡಿದ್ದಕ್ಕೆ ನಾಚಿಕೆಯೂ ಬೇಡ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ 18ನೇ ವಯಸ್ಸಿಗೆ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದ, ಅದು ಬೇರೆ ದಾರಿ. ನಮ್ಮದು ಗುಂಡು ಟೊಕ್ ಅನ್ನುವ ಸದ್ದು ಕೇಳುವ ದಾರಿ. ಒಂದೇ ಒಂದು ಕೇಳುತ್ತೇನೆ: ಅಂಗಡಿಯಿಂದ ಪಾರ್ಲರ್‌ಗೆ ಹೇಗೆ ಹೋಗುತ್ತೀರಿ?

ಗೊಬ್ಬರದಂಗಡಿ, ವಿಜಯಪುರ

ಮಾಸ್ತರ್ರೇ, ಸ್ಕೂಟರ್ ಮೇಲೆ. ಎರಡು ಕಿಲೋಮೀಟರ್ ಆಗುತ್ತದೆ. ಪ್ರಶ್ನೆಯ ಹಿಂದಿನ ಬಾಣ ಅರ್ಥವಾಯಿತು.

ಭಜಿ ವಿಷಯ ನಿಮಗೆ ಹೇಗೆ ಗೊತ್ತಾಯಿತು?

ಕೆಂಪುಮಣ್ಣು ತಮ್ಮಾ, ಯೂರಿಯಾ ಚೀಲ ಎತ್ತಲು ನಿನ್ನೆ ಹೋಗಿದ್ದೆ. ಹಮಾಲರು ಮೂರು ಜನ ಕೆಲಸ ಬಿಟ್ಟು ನೋಡಲು ನಿಂತರು. ಮಂಡಿ ತನಕ ಬಂತು. ಅಲ್ಲಿಂದ ಮೇಲಕ್ಕೆ ಬರಲಿಲ್ಲ, ಚೀಲವೂ ನಾನೂ.

ಫಿಜಿಯೋ ಅಕ್ಕ, ಬಾಗಲಕೋಟೆ ನವನಗರ

ದಯವಿಟ್ಟು ಚೀಲ ಮುಟ್ಟಬೇಡಿ! ಕೆಂಪುಮಣ್ಣು ಅವರೇ, ಗರಡಿಯಲ್ಲಿ ನಿಮಗೆ ಮೊದಲ ದಿನವೇ ಕಲ್ಲು ಎತ್ತಿಸಿದ್ದರಾ? ಹತ್ತು ತಾಸು ಕೂತು ಬಿಗಿದುಕೊಂಡ ನಡುವಿನವರು ಬಾಗಿ 45 ಕಿಲೋ ಎತ್ತಿದರೆ ಮಾರನೇ ದಿನ ನನ್ನ ಕ್ಲಿನಿಕ್‌ಗೆ ಬರುತ್ತಾರೆ. ಇಂಥವರನ್ನು ಪ್ರತಿ ಮುಂಗಾರಿಗೆ ನೋಡುತ್ತೇನೆ.

ಅಣ್ಣಾ, ಮಾಸ್ತರ್ ನಿಲ್ಲುವ ರೀತಿ ಸರಿಯಾಗಿ ಹೇಳಿದ್ದಾರೆ. ಆದರೆ ನಿಮ್ಮ ನಡು ಹಾಳಾಗುತ್ತಿರುವುದು ಪೂಲ್‌ನಿಂದ ಮಾತ್ರ ಅಂತ ನನಗನ್ನಿಸುವುದಿಲ್ಲ. ಇಡೀ ದಿನ ಕುರ್ಚಿಯಲ್ಲಿ ಮಡಚಿದ ದೇಹವನ್ನು ರಾತ್ರಿ ಎಂಟೂಕಾಲಿಗೆ ಒಮ್ಮೆಲೇ ಟೇಬಲ್ ಮೇಲೆ ಮತ್ತೆ ಮಡಚುತ್ತೀರಿ. ಆಟಕ್ಕೆ ಮುಂಚೆ ಐದು ನಿಮಿಷ ಓಡಾಡಿ, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ನಾಲ್ಕು ಸಲ ಮೆಲ್ಲಗೆ ಬಾಗಿ. ನೋವು ಕಾಲಿನ ತನಕ ಎಳೆದರೆ, ಜೋಮು ಹಿಡಿದರೆ, ಇಲ್ಲಿ ಬರೆಯುವುದು ಬಿಟ್ಟು ಡಾಕ್ಟರಿಗೆ ತೋರಿಸಿ.

ಚೀಲದ ಬದಲು ಕುರ್ಚಿಯಿಂದ ಶುರು ಮಾಡಿ. ಕೈ ಊರದೆ ಎದ್ದು ನಿಂತು, ಮೆಲ್ಲಗೆ ಕೂರಿ. ಹತ್ತು ಸಲ. ನಿಮಗೆ ಬೇಕಾದ ಬೈಠಕ್ ಸದ್ಯಕ್ಕೆ ಅಷ್ಟೇ. ತೊಡೆಯ ಸ್ನಾಯು ದೇಹದಲ್ಲೇ ದೊಡ್ಡ ಸ್ನಾಯುಗಳಲ್ಲಿ ಒಂದು. ಅದು ಕೆಲಸ ಮಾಡುವಾಗ ರಕ್ತದಲ್ಲಿರುವ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಅದಕ್ಕೇ ಊಟದ ಮೇಲೆ ಸ್ವಲ್ಪ ನಡೆದರೂ ಸಕ್ಕರೆ ಅಷ್ಟು ಏರುವುದಿಲ್ಲ. ಈ ಲೆಕ್ಕದಲ್ಲಿ ನಿಮ್ಮ ಪೂಲ್ ಪೂರ್ತಿ ದಂಡವಲ್ಲ. ವೈನಿಗೆ ಹೇಳಿ, ರಾತ್ರಿ ಉಂಡು ಸೋಫಾದಲ್ಲಿ ಬೀಳುವುದಕ್ಕಿಂತ ಉಂಡು ಟೇಬಲ್ ಸುತ್ತುವುದು ಎಷ್ಟೋ ವಾಸಿ. ಆದರೆ ನೀವು ಆಡುವುದು ಊಟಕ್ಕೆ ಮುಂಚೆ! ಆಡಿ ಬಂದು ಹತ್ತಕ್ಕೆ ಉಂಡು ಮಲಗುತ್ತೀರಿ. ಊಟವನ್ನು ಎಂಟಕ್ಕೆ ಎಳೆದುಕೊಂಡು ಆಮೇಲೆ ಹೋಗಿ.

6.1ಕ್ಕೆ ಹೆದರಬೇಡಿ, ಉದಾಸೀನವೂ ಬೇಡ. 5.7ರಿಂದ 6.4 ಮಧ್ಯೆ ಇರುವವರು ಹಿಂದಕ್ಕೆ ಬರಬಹುದು. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2002ರಲ್ಲಿ ಹೊರಬಂತು. ಹೊಸ್ತಿಲ ಮೇಲೆ ನಿಂತಿದ್ದವರೇ ಎಲ್ಲರೂ. ತೂಕ 7 ಶೇಕಡಾ ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇವೆರಡು ಗುರಿ ಹಿಡಿದು ಬದುಕಿನ ರೀತಿ ಬದಲಿಸಿಕೊಂಡವರಲ್ಲಿ ಸಕ್ಕರೆ ಕಾಯಿಲೆಗೆ ತಿರುಗುವ ಸಾಧ್ಯತೆ 58 ಶೇಕಡಾ ಕಮ್ಮಿಯಾಯಿತು. ನಿಮಗೆ 7 ಶೇಕಡಾ ಅಂದರೆ ಐದೂವರೆ ಕಿಲೋ. ಚುರುಕು ಅಂದರೆ ಎಷ್ಟು ಅಂತ ಗಡಿಯಾರ ಬೇಕಿಲ್ಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಈಗ ಸ್ಕೂಟರ್ ಲೆಕ್ಕ. ಎರಡು ಕಿಲೋಮೀಟರ್ ಚುರುಕಾಗಿ ನಡೆದರೆ 22 ನಿಮಿಷ. ಹೋಗಿ ಬರಲು 44. ನಾಲ್ಕು ದಿನಕ್ಕೆ 176. ಮುಗಿಯಿತಲ್ಲ!

ಕೊನೆಗೆ, ಆ ಸಿಗರೇಟು ಹುಡುಗರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಅವರು ಬಿಟ್ಟ ಹೊಗೆ ನಿಮ್ಮ ಎದೆಗೂ ಹೋಗುತ್ತದೆ. ಮಾಲೀಕರಿಗೆ ಖಡಕ್ಕಾಗಿ ಹೇಳಿ. ಹೇಗೂ ನಿಮ್ಮನ್ನು ಯಾರದೋ ಅಪ್ಪ ಅಂದುಕೊಂಡಿದ್ದಾರೆ, ಉಪಯೋಗಕ್ಕೆ ಬರಲಿ.

ಸ್ಟ್ರೈಕರ್, ಇಂಡಿ

ಕ್ಯಾರಂ ಆಡುವವರ ಕಥೆ ಏನ್ರೀ? ನಾವು ಕಟ್ಟೆ ಮೇಲೆ ಕೂತು ರಾತ್ರಿ ಹನ್ನೊಂದರ ತನಕ ಆಡುತ್ತೇವೆ. ಬೆರಳಿಗೆ ಒಳ್ಳೆ ವ್ಯಾಯಾಮ ಇದೆ.

ಫಿಜಿಯೋ ಅಕ್ಕ, ಬಾಗಲಕೋಟೆ ನವನಗರ

ಸ್ಟ್ರೈಕರ್ ಅವರೇ, ಕೂತು ಆಡುವ ಆಟಕ್ಕೆ ಮಾಸ್ತರ್ ಪಟ್ಟಿಯಲ್ಲಿ ಒಂದೂವರೆ. ಬೋರ್ಡನ್ನು ಎತ್ತರದ ಸ್ಟ್ಯಾಂಡ್ ಮೇಲಿಟ್ಟು ನಿಂತು ಆಡಿ ನೋಡಿ. ಮತ್ತೆ ಒಂದು ಗೇಮ್ ಮುಗಿದ ಮೇಲೆ ಸೋತವರು ಓಣಿ ಒಂದು ಸುತ್ತು ಹಾಕಿ ಬರಬೇಕು ಅಂತ ನಿಯಮ ಮಾಡಿಕೊಳ್ಳಿ.

ಸ್ಟ್ರೈಕರ್, ಇಂಡಿ

ಹಾಗೆ ಮಾಡಿದರೆ ನಮ್ಮ ಕಾಕಾ ಒಬ್ಬರೇ ಆರು ತಿಂಗಳಲ್ಲಿ ಸಣ್ಣಕ್ಕಾಗುತ್ತಾರೆ.

ಗೊಬ್ಬರದಂಗಡಿ, ವಿಜಯಪುರ
*(ಮೂರು ತಿಂಗಳ ನಂತರ)*

ಉತ್ತರ ಬರೆಯಲು ತಡವಾಯಿತು. ರಿಪೋರ್ಟ್ ಬರಲಿ ಅಂತ ಕಾಯುತ್ತಿದ್ದೆ. ನಿನ್ನೆ ಬಂತು. ಎಚ್‌ಬಿಎ1ಸಿ 5.9. ತೂಕ 75. ಐದೂವರೆ ಕಿಲೋ ಇಳಿಯಬೇಕಿತ್ತು, ಮೂರು ಇಳಿದಿದೆ. ಅಕ್ಕಾರೇ, ಬಾಕಿ ಎರಡೂವರೆ ಭಜಿ ಖಾತೆಗೆ ಬರೆದುಕೊಳ್ಳಿ.

ಸ್ಕೂಟರ್ ಈಗ ಮನೆಯಲ್ಲೇ ಇರುತ್ತದೆ. ಏಳೂವರೆಗೆ ಮನೆಯಿಂದ ಬುತ್ತಿ ಬರುತ್ತದೆ, ಅಂಗಡಿಯಲ್ಲೇ ಎರಡು ರೊಟ್ಟಿ ತಿಂದು ಬಾಗಿಲು ಹಾಕಿ ನಡೆಯುತ್ತೇನೆ. ಮೊದಲ ವಾರ ಭಾರಿ ಬೇಜಾರಾಯಿತು. ಇದೇ ನಡಿಗೆ ಕ್ರೀಡಾಂಗಣದಲ್ಲಿ ನಾಲ್ಕು ದಿನಕ್ಕೆ ಕೈಬಿಟ್ಟವನು ನಾನು. ಆದರೆ ಅಲ್ಲಿ ಸುತ್ತಿ ಸುತ್ತಿ ಬಂದು ನಿಂತಲ್ಲೇ ನಿಲ್ಲುತ್ತಿದ್ದೆ. ಇಲ್ಲಿ ಕೊನೆಗೆ ಟೇಬಲ್ ಇದೆ, ಗೆಳೆಯ ಚಾಕ್ ಉಜ್ಜುತ್ತಾ ಕಾಯುತ್ತಿರುತ್ತಾನೆ, ತಡವಾದರೆ ಬೈಯುತ್ತಾನೆ. ಕಾಲು ತಾನೇ ಬೇಗ ಬೀಳುತ್ತದೆ. ಏಪ್ರಿಲ್ ಬಂದ ಮೇಲೆ ರಾತ್ರಿ ಎಂಟಕ್ಕೂ ರಸ್ತೆ ಕಾವಲಿಯಂತೆ ಕಾದಿರುತ್ತಿತ್ತು, ಆಗಲೂ ಎಸಿ ಕೋಣೆ ನೆನೆಸಿಕೊಂಡೇ ನಡೆದೆ. ಬೆಳಗಾವಿಯವರಿಗೆ ಇದು ಅರ್ಥವಾಗುವುದಿಲ್ಲ ಬಿಡಿ.

ಡಿಎಪಿ ಕೇಳುವವರು ದಾರಿಯಲ್ಲೂ ಸಿಗುತ್ತಾರೆ. ಈಗ ನಿಲ್ಲುವುದಿಲ್ಲ. "ನಡೀತಾ ಮಾತಾಡೋಣ ಬರ್ರಿ" ಅನ್ನುತ್ತೇನೆ. ಅರ್ಧ ಜನ ಅಲ್ಲೇ ಬಿಡುತ್ತಾರೆ. ಒಬ್ಬ ಕಾಕಾ ಮಾತ್ರ ಪಾರ್ಲರ್ ಬಾಗಿಲ ತನಕ ಬಂದು, ಒಳಗೂ ಬಂದು, ಬೆಂಚಿನ ಮೇಲೆ ಕೂತು ಎರಡು ಗೇಮ್ ನೋಡಿ ಹೋದರು. "ಇದು ನಮ್ಮ ಗೋಲಿ ಆಟಾನ ಅಲ್ಲೇನ್ರಿ?" ಅಂತ ಕೇಳಿದರು. ಇಲ್ಲ ಅನ್ನಲು ಆಗಲಿಲ್ಲ.

ಕುರ್ಚಿ ಬೈಠಕ್‌ಗೂ ದಾರಿ ಸಿಕ್ಕಿತು. ಹೆಬ್ಬೆಟ್ಟಿನ ಮಷೀನು "ಮತ್ತೆ ಪ್ರಯತ್ನಿಸಿ" ಅಂದಾಗಲೆಲ್ಲಾ ಒಂದು ಸಲ ಎದ್ದು ಕೂರುತ್ತೇನೆ. ಸರ್ವರ್ ಕೈಕೊಟ್ಟ ದಿನ ಐವತ್ತು ದಾಟಿದ್ದೂ ಉಂಟು. ಮೊದಮೊದಲು ರೈತರು ಹಮಾಲರ ಕಡೆ ತಿರುಗಿ "ಸಾವ್ಕಾರ್ರಿಗೆ ಏನಾಗೇತಿ?" ಅಂತ ಮೆಲ್ಲಗೆ ಕೇಳುತ್ತಿದ್ದರು. ಈಗ ಅವರೇ ಎಣಿಸುತ್ತಾರೆ.

ಮಾಸ್ತರ್ರೇ, ನಿಂತು ಲೆಕ್ಕ ಹಾಕುವುದು ರೂಢಿಯಾಯಿತು. ನಡುನೋವು ಮುಕ್ಕಾಲು ಪಾಲು ಹೋಗಿದೆ. ಆಟ ಎಷ್ಟು ಸುಧಾರಿಸಿತು ಅಂತ ಕೇಳಬೇಡಿ. ಸಿಗರೇಟು ಹುಡುಗರು ಈಗ ಕೆಳಗಿನ ಮೆಟ್ಟಿಲ ಹತ್ತಿರ ಸೇದಿ ಬರುತ್ತಾರೆ.

ಕೆಂಪುಮಣ್ಣು ತಮ್ಮಾ, ಗೋಳಗುಮ್ಮಟ ಹತ್ತಿದೆ. ಎರಡು ಕಡೆ ನಿಂತೆ. ಮೇಲೆ ಹೋದಾಗ ಶಾಲೆ ಹುಡುಗರ ಟ್ರಿಪ್ಪು ಬಂದಿತ್ತು, ಅವರ ಕೂಗಾಟದಲ್ಲಿ ನನ್ನ ಏದುಸಿರು ಯಾರಿಗೂ ಕೇಳಿಸಲಿಲ್ಲ. ಬಚಾವಾದೆ.

ಇನ್ನು ಮನೆಯ ಪಂಚಾಯ್ತಿ. ರಿಪೋರ್ಟ್ ತೋರಿಸಿ, "ನೋಡು, ಪೂಲ್‌ನಿಂದ" ಅಂದೆ. "ಪೂಲ್‌ನಿಂದ ಅಲ್ಲ, ನಡೆದದ್ದಕ್ಕ" ಅಂದಳು. "ಪೂಲ್ ಇತ್ತಂತ ನಡೆದೆ" ಅಂದೆ. ಅದಕ್ಕೆ ಮಾತಾಡದೆ ಭಾನುವಾರ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ನಡೀರಿ, ಅದೇನದು ನಾನೂ ನೋಡ್ತೀನಿ."

ಇಬ್ಬರೂ ನಡೆದೇ ಹೋದೆವು. ಅರ್ಧ ತಾಸು ಬೆಂಚಿನ ಮೇಲೆ ಕೂತು ನೋಡಿದಳು. ನನ್ನದು ಒಂದು ಪಟ್ಟೆ ಗುಂಡು ಮತ್ತು ಕೊನೆಗೆ ಹಾಕಬೇಕಾದ ಎಂಟನೇ ನಂಬರಿನ ಕರಿ ಗುಂಡು ಉಳಿದಿದ್ದವು. ಗೆಳೆಯನದು ಕರಿಯದೊಂದೇ, ಅದೂ ಪಾಕೆಟ್ ಬಾಯಲ್ಲೇ. ಅವನು ಕೋಲು ಅವಳ ಕೈಗೆ ಕೊಟ್ಟು "ವೈನಿ, ನೀವ ಹೊಡೀರಿ" ಅಂದ. ಕೋಲನ್ನು ಒನಕೆಯಂತೆ ಹಿಡಿದುಕೊಂಡಳು. ಬಾಗಲೇ ಇಲ್ಲ, ನೆಟ್ಟಗೆ ನಿಂತೇ ಬೀಸಿದಳು. ಕರಿ ಗುಂಡು ಟೊಕ್ ಅಂತ ಒಳಗೆ ಹೋಯಿತು. ಅದರ ಬೆನ್ನಿಗೇ ಬಿಳಿದೂ ಹೋಯಿತು.

ಕರಿ ಗುಂಡಿನ ಜೊತೆ ಬಿಳಿ ಬಿದ್ದರೆ ಗೇಮ್ ಸೋತಂತೆ, ಇದು ನಿಯಮ. ಗೆಳೆಯ ತಲೆ ಮೇಲೆ ಕೈ ಇಟ್ಟುಕೊಂಡ. ನಾನು ಗೆದ್ದೆ ಅಂದೆ. ಅವಳು ಒಪ್ಪಲಿಲ್ಲ. ಎರಡು ಹಾಕಿದವರು ಸೋಲುವುದು ಯಾವ ಊರ ನ್ಯಾಯ ಅಂತ ಕೇಳಿದಳು. ಎರಡು ಕಿಲೋಮೀಟರ್ ಉದ್ದಕ್ಕೂ ಕೇಳಿದಳು. ಅವಳ ನಡಿಗೆಗೆ ನನಗೆ ಮಾತಾಡಲೂ ಆಗಲಿಲ್ಲ, ಹಾಡುವುದು ದೂರವೇ ಉಳಿಯಿತು.

ಬರುವ ಭಾನುವಾರಕ್ಕೆ ಒಂದು ಟೇಬಲ್ ಹೇಳಿಟ್ಟು ಬಾ ಅಂದಿದ್ದಾಳೆ. ಮಾಸ್ತರ್ರೇ, ಸೀರೆ ಉಟ್ಟವರು ಬಾಗಿ ಹೊಡೆಯಲು ಸೆರಗು ಎಲ್ಲಿ ಸಿಕ್ಕಿಸಿಕೊಳ್ಳಬೇಕು ಅಂತ ಕೇಳುತ್ತಿದ್ದಾಳೆ. ನಿಮ್ಮ ಮಾರ್ಕರ್ ಇದರ ಬಗ್ಗೆ ಏನಾದರೂ ಹೇಳಿದ್ದರಾ?